ಮೂರನೆಯ ಕುಣಿ

ಚೌಕಟ್ಟು ಗೋಡೆಯ ಮೇಲೆ ನೇರವಾಗಿಯೇ ಇತ್ತು. ಗಾಜು ಒಡೆದಿರಲಿಲ್ಲ. ಆದರೆ ಗಾಜಿನ ಹಿಂದಿನ ಛಾಯಾಚಿತ್ರದ ಬಲತುದಿ ಇರಲಿಲ್ಲ.

ಕಲ್ಯಾಣ ಠಾಣೆಯ ಅಮೀನ ದೇವಿದಾಸರು ಚೌಕಟ್ಟನ್ನು ಕೆಳಗಿಳಿಸಿ ತಿರುಗಿಸಿದರು. ಹಿಂದಿನ ಹಲಗೆಯ ಮೊಳೆಗಳನ್ನು ಯಾರೋ ಎತ್ತಿ ಮತ್ತೆ ಒತ್ತಿದ್ದರು. ಚಿತ್ರವನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ಕತ್ತರಿಸಿ, ಉಳಿದುದನ್ನು ಒಳಗಿಟ್ಟು, ಮೊದಲಿನಂತೆ ತೂಗುಹಾಕಿದ್ದರು. ಕತ್ತರಿಸಿದವನಿಗೆ ಅವಸರವಿತ್ತು. ಅಗೌರವವಿರಲಿಲ್ಲ.

"ಮತ್ತೇನರ ಹೋಗ್ಯಾದೇನು?"

ಪರದೆಯ ಹಿಂದಿನಿಂದ ಸರ್ದಾರಬಿ ಉತ್ತರಿಸಿದಳು. "ಹೋಗ್ಲಿಕ್ಕೆ ಏನ್ ಉಳದದ್ರಿ ಅಮೀನ್ ಸಾಬ್?"

ಜವಾನ ಅಬ್ದುಲ್ ಕರೀಂ ಬಾಗಿಲ ಚೌಕಟ್ಟಿಗೆ ಒರಗಿದ. "ಸಾಬ್, ಠಾಣೆದಾಗ ಮನುಷ್ಯಾರು ಕಳದ ಅರ್ಜಿ ರಾಶಿ ಬಿದ್ದಾವ. ನಾವು ಕಾಗದದ ಚೂರು ಹುಡುಕಾಕತ್ತೀವಿ."

"ಮನುಷ್ಯಾರು ಸಿಗಾಕತ್ತಿಲ್ಲ ಕರೀಂ. ಚೂರರ ಸಿಗಲಿ."

ಅದು ೧೯೪೯ರ ಫೆಬ್ರವರಿ. ಹಿಂದಿನ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದಿತ್ತು. ಅಧಿಕಾರ ಕೈಬದಲಾದ ಆ ದಿನಗಳ ಗಲಭೆಯಲ್ಲಿ ಸರ್ದಾರಬಿಯ ಗಂಡ ಜಲಾಲುದ್ದೀನ್ ಮನೆಯಿಂದ ಹೊರಟವನು ಮರಳಿರಲಿಲ್ಲ. ಶವವೂ ಸಿಕ್ಕಿರಲಿಲ್ಲ. ಅಂಥವರು ಕಲ್ಯಾಣದಲ್ಲಿ ಅನೇಕರಿದ್ದರು. ದೇವಿದಾಸರು ಐದು ತಿಂಗಳಿನಿಂದ ಹುಡುಕುತ್ತಿದ್ದರು. ಒಬ್ಬನನ್ನೂ ಅವರು ಮನೆಗೆ ತಂದುಕೊಟ್ಟಿರಲಿಲ್ಲ.

"ಇದು ಬರ್ಮಾ ಲಡಾಯಿದು," ಸರ್ದಾರಬಿ ಹೇಳಿದಳು. "ಹೆಣ ಹುಗಿದ ಮೂರು ಕುಣಿ ಇದ್ದವು. ಮೂರೂ ನನ್ನ ಗಂಡನೇ ತೋಡಿದ್ದ. ಎಡಕ್ಕಿರೋದು ನನ್ನ ತಮ್ಮ ಗುಲಾಮ್ ರಸೂಲನದು."

"ಉಳದ ಎರಡು ಯಾರವು?"

"ಅವರವರ ಮನಿಗೆ ಸುದ್ದಿ ಮುಟ್ಟಿಸೀನಿ, ನಿನಗ್ಯಾಕ ಅಂತಿದ್ದ. ಲಡಾಯಿ ಮಾತು ತಗದರ ಎದ್ದು ಹೋಗ್ತಿದ್ದ. ಒಮ್ಮೆ ಮಾತ್ರ ಅಂದ: ಎರಡು ಕುಣಿ ಲಗೂ ಆದವು, ಬಲಕಿನ ಸಣ್ಣದು ತೋಡೋದರಾಗೇ ಬೆಳಕ ಹರೀತು ಅಂತ."

"ಕೆಳಗ ಕಲ್ಲ ಹತ್ತಿರಬೇಕು."

"ಇರಬಹುದು." ಅವಳು ಪರದೆಯ ಸಮೀಪಕ್ಕೆ ಬಂದಳು. "ನನ್ನ ಗಂಡನ ಕುಣಿ ಎಲ್ಲಿ ಅದೋ ಗೊತ್ತಿಲ್ಲ ಸಾಬ್. ಅವ ತೋಡಿದ ಕುಣಿ ಮುಂದ ಕುಂತು ಅವನ ಸಲುವಾಗಿ ಫಾತಿಹಾ ಓದ್ತಿದ್ದೆ. ಅದನ್ನೂ ಕತ್ತರಿಸಿದರ ನಾ ಎತ್ತಾಗ ಮುಖ ಮಾಡ್ಲಿ?"

ದೇವಿದಾಸರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡು ನೀಳ ದಿಬ್ಬಗಳು. ತಲೆಯ ಬಳಿ ಮರದ ಹಲಗೆಗಳು. ಹಲಗೆಯ ಅಕ್ಷರಗಳನ್ನು ಮಳೆ ಅಳಿಸಿತ್ತು.

"ಈಚೆಗೆ ಈ ಖೋಲ್ಯಾಗ ಯಾರು ಬಂದಿದ್ದರು?"

ಮೂವರು ಬಂದಿದ್ದರು. ಹುಮನಾಬಾದಿನ ಮುದುಕಿ ಮುನ್ನಿ ಬೀ ಜಲಾಲುದ್ದೀನನ ಸುದ್ದಿ ಕೇಳಲು ಬಂದು, ಚಿತ್ರದ ಬಲತುದಿಯನ್ನು ಕಂಡೊಡನೆ ಮುಖ ತಿರುಗಿಸಿ, "ಅಷ್ಟು ಮುಚ್ಚಿಡವ್ವ" ಎಂದಿದ್ದಳು. ಆಮೇಲೆ ಹೆಸರು ಹೇಳದ ಒಬ್ಬ ಹಿಂದೂ ಹೆಂಗಸು ಬಂದಿದ್ದಳು. ಚಿತ್ರದ ಮುಂದೆ ಬಹಳ ಹೊತ್ತು ನಿಂತು, ತನ್ನ ಎಡ ಅಂಗೈಯನ್ನು ತೆರೆದು ನೋಡಿಕೊಂಡು, ಹಿರಿಯರನ್ನು ಕರೆದುಕೊಂಡು ಬರುತ್ತೇನೆಂದು ಹೇಳಿ ಹೋಗಿದ್ದಳು. ಕೊನೆಗೆ ಒಬ್ಬ ಗಂಡಸು, ಸರ್ದಾರಬಿ ಕೂಲಿಗೆ ಕೌದಿ ಹೊಲಿಯುತ್ತಾಳೆಂದು ಹಳೆಯ ಬಟ್ಟೆಯ ಗಂಟು ತಂದಿದ್ದ.

"ಅವನ ಮುಖ?"

"ನಾ ಪರದಾದಾಗ ಇದ್ದೆ. ಗಂಟು ಇಟ್ಟ, ನೀರು ಕೇಳಿದ. ಹಿತ್ತಲ ಬಾವಿಲಿಂದ ಸೇದಿ ತಂದು ಪರದೆ ಸಂದಿಲಿಂದ ಕೊಟ್ಟೆ. ಕುಡದು ಹೋದ. ಕೌದಿ ಇನ್ನಾ ಹೊಲದಿಲ್ಲ, ಅವ ಕೇಳಾಕೂ ಬಂದಿಲ್ಲ."

ದೇವಿದಾಸರು ಗಂಟನ್ನು ಬಿಚ್ಚಿದರು. ಸವೆದ ಧೋತರ. ಒಂದು ಇಳಕಲ್ ಸೀರೆಯ ಅರ್ಧ. ನೀಲಿ ನೆಲದ ಮೇಲೆ ಹಳದಿ ಮೊಗ್ಗುಗಳಿದ್ದ, ಚಿಕ್ಕದಾಗಿ ಹೋದ ಒಂದು ಲಂಗ.

"ಬ್ಯಾರೆಯವರ ಮನಿ ಅರಿವಿ ತಂದಿರಬಹುದಲ್ಲ?"

ಸರ್ದಾರಬಿ ಮೊದಲ ಬಾರಿಗೆ ಸ್ವಲ್ಪ ನಕ್ಕಳು. "ಕೌದಿಗೆ ಪರರ ಅರಿವಿ ಯಾರು ಕೊಡ್ತಾರ್ರಿ? ಹೊಚ್ಕೊಳ್ಳೋರು ತಮ್ಮ ಮಕ್ಕಳಲ್ಲೇನು?"

*

ಹುಮನಾಬಾದಿನ ಬಸ್ಸು ಧೂಳಿನಲ್ಲಿ ಎರಡು ಸಲ ನಿಂತಿತು. ದೇವಿದಾಸರ ಸಂಶಯ ಮುನ್ನಿ ಬೀಯ ಮೇಲಿತ್ತು. ಮುಚ್ಚಿಡು ಎಂದವಳೇ ಕತ್ತರಿಸಿರಬಹುದು.

ಮುದುಕಿಯ ಕಣ್ಣುಗಳು ಕೆಂಪಾಗಿದ್ದವು. ನಿದ್ದೆಗೆಟ್ಟ ಕಣ್ಣುಗಳು. ಮಾತಿನ ನಡುವೆ ತೂಕಡಿಸಿ, ಬೆಚ್ಚಿ ಎಚ್ಚರಾಗುತ್ತಿದ್ದಳು.

"ನಾ ಯಾಕ ಕತ್ತರಿಸಲಿ ಬೇಟಾ? ನನ್ನ ಹತ್ರ ನಂದೇ ಅದ."

ಪೆಟ್ಟಿಗೆಯಿಂದ ಇನ್ನೊಂದು ಪ್ರತಿಯನ್ನು ತೆಗೆದಳು. ಅದರ ಬಲತುದಿಗೆ ಹಸಿರು ಬಟ್ಟೆಯ ತುಂಡೊಂದನ್ನು ಅಂಟಿಸಿದ್ದಳು. ಮುಚ್ಚುವವಳಿಗೆ ಕತ್ತರಿ ಬೇಕಿರಲಿಲ್ಲ. ದೇವಿದಾಸರು ಬಟ್ಟೆಯ ಅಂಚನ್ನು ಮೆಲ್ಲಗೆ ಎತ್ತಿದರು.

ಮೂರನೆಯ ದಿಬ್ಬ ಉಳಿದೆರಡರ ಅರ್ಧದಷ್ಟೂ ಉದ್ದವಿರಲಿಲ್ಲ. ಉದ್ದ ಮತ್ತು ಅಗಲ ಹೆಚ್ಚುಕಡಿಮೆ ಒಂದೇ ಆಗಿದ್ದವು.

"ಅದೇ ನನ್ನ ಹುಸೇನ," ಮುನ್ನಿ ಬೀ ಬೇರೆ ಕಡೆ ನೋಡುತ್ತ ಹೇಳಿದಳು. "ಅರ್ಧಾ ಮಾತ್ರ ಸಿಕ್ಕಿದ್ದನಂತ. ತೋಪಿನ ಗೋಲಾ ಬಿದ್ದಿತ್ತಂತ. ನಾ ಕಣ್ಣು ಮುಚ್ಚಿ ಅಡ್ಡಾದರ ಸಾಕು, ಉಳಿದ ಅರ್ಧಾ ಹುಡುಕ್ಕೋತ ಬಂದು ನಿಲ್ತಾನ."

"ಯಾರು ಹೇಳಿದರು? ಜಲಾಲುದ್ದೀನನೇ?"

"ಇಲ್ಲ ಬೇಟಾ. ಅವ ಜ್ವರದಾಗಿದ್ದ. ಘಾಟಬೋರಾಳದ ಕಾಶಿನಾಥನ ಕೈಲೆ ಫೋಟೋ ಕಳಿಸಿದ್ದ. ಇದು ನಿನ್ನ ಮಗಂದು, ನಡುವಿಂದು ಯಾರೋ ಪಂಜಾಬಿದು ಅಂತ ಕಾಶಿನಾಥನೇ ಹೇಳಿದ."

"ಆಮ್ಯಾಲ ಜಲಾಲುದ್ದೀನನ್ನ ಕೇಳಲಿಲ್ಲ?"

"ಈದಿಗೆ ಬಂದಿದ್ದ. ಇಬ್ಬರೂ ಅತ್ತೇವು. ಅರ್ಧಾ ಸಿಕ್ಕ ಮಗನ ಬಗ್ಗೆ ಏನಂತ ಕೇಳೋದು?"

"ಈ ಕಾಶಿನಾಥಗೂ ಲಡಾಯಿಗೂ ಏನು ಸಂಬಂಧ?"

"ಅವನ ತಮ್ಮ ಸೂರ್ಯಕಾಂತನೂ ಇವರ ಸಂಗಟಾನೇ ಭರ್ತಿ ಆಗಿದ್ದ. ನಾಲ್ಕೂ ಮಂದಿ ಒಂದೇ ದಿನ, ಇದೇ ಊರಾಗ. ಸೂರ್ಯಕಾಂತ ಪಲ್ಟಣ ಬಿಟ್ಟು ಓಡ್ಯಾನ, ಎಲ್ಲೋ ಜೀವಂತ ಅದಾನ, ಇಂದಲ್ಲ ನಾಳೆ ಬರ್ತಾನ ಅಂತಾರ." ಅವಳು ನಿಟ್ಟುಸಿರಿಟ್ಟಳು. "ಅವನ ಹೇಣ್ತಿ ನಸೀಬು ಚಲೋ."

*

ಘಾಟಬೋರಾಳದಲ್ಲಿ ಕಾಶಿನಾಥನ ಮನೆ ಹೊಲದ ಅಂಚಿನಲ್ಲಿತ್ತು. ಹಣೆಯಲ್ಲಿ ವಿಭೂತಿ, ಮೃದುವಾದ ಮಾತು.

"ಬರ್ರಿ ಸಾಹೇಬ್ರ. ಗಯಾ, ನೀರು ತಾ."

ತಮ್ಮನ ಹೆಂಡತಿ ಗಯಾಬಾಯಿ ತಂಬಿಗೆ ತಂದಿಟ್ಟಳು. ಕೈತುಂಬ ಹಸಿರು ಬಳೆ. ಒಂದು ಕ್ಷಣ ಅಮೀನರ ಮುಖವನ್ನು ನೋಡಿ, ಏನೋ ಕಾಯುವವಳಂತೆ ನಿಂತಳು. ದೇವಿದಾಸರು ನೀರು ಕುಡಿದು ಕಾಶಿನಾಥನತ್ತ ತಿರುಗಿದರು. ಅವಳು ಒಳಗೆ ಹೋದಳು.

"ತಮ್ಮನ ಸುದ್ದಿ ಏನರ ಅದ?"

"ಸರ್ಕಾರದವರು ಲಾಪತಾ, ಪತ್ತೆ ಇಲ್ಲ ಅಂತ ಬರದಾರ. ಗಡಿಬಿಡ್ಯಾಗ ಹಿಂದ ಸರದಾರ, ಯಾರು ಎಲ್ಲಿ ಉಳದರೋ. ಬಂದೇ ಬರ್ತಾನ್ರಿ."

"ಜಲಾಲುದ್ದೀನನ ಫೋಟೋ ನೋಡೀರೇನು? ಕುಣಿಗಳದ್ದು?"

"ಫೋಟೋ? ನಾ ಕಣ್ಣಿಲೇ ಕಂಡಿಲ್ಲ."

ಮೊದಲ ಸುಳ್ಳು. ಹುಮನಾಬಾದಿಗೆ ಆ ಚಿತ್ರವನ್ನು ಒಯ್ದ ಕೈ ಇದೇ. ಅಂಗಳದ ಹಗ್ಗದ ಮೇಲೆ ಮಕ್ಕಳ ಬಟ್ಟೆ ಒಣಗುತ್ತಿತ್ತು. ನೀಲಿ ನೆಲದ ಮೇಲೆ ಹಳದಿ ಮೊಗ್ಗಿನ ಒಂದು ರವಿಕೆ. ಕಲ್ಯಾಣದ ಗಂಟಿನಲ್ಲಿದ್ದ ಲಂಗದ ಜೋಡಿ.

ಕೈ ಯಾವುದೆಂದು ತಿಳಿಯಿತು. ಕಾರಣ ತಿಳಿಯಲಿಲ್ಲ. ಮುನ್ನಿ ಬೀಯ ಅರ್ಧ ಮಗನಿಂದ ಇವನಿಗೇನು?

ದೇವಿದಾಸರು ಎದ್ದು ಹೊಲದ ಕಡೆ ನಡೆದರು. ಬೇವಿನ ಮರದ ಕೆಳಗೆ ಒಂದು ಕಲ್ಲುಕಟ್ಟೆ ಇತ್ತು. ಅದರಲ್ಲಿ ದೀಪವಿಡುವ ಗೂಡು. ಮೇಲೆ ಬಿಲ್ವಪತ್ರೆ.

"ಇದೇನು?"

"ನಮ್ಮ ಅಪ್ಪನ ಗದ್ದಿಗಿ ರೀ. ಇಲ್ಲೇ ಮಣ್ಣ ಮಾಡೇವಿ."

ದೇವಿದಾಸರು ಔರಂಗಾಬಾದಿನ ಕಡೆಯವರು. ಹೆಣವನ್ನು ಸುಡುವ ಮನೆಯಲ್ಲಿ ಹುಟ್ಟಿದವರು. ಈ ಸೀಮೆಗೆ ಬಂದು ಎರಡು ವರ್ಷವಾಗಿದ್ದರೂ ಲಿಂಗಾಯತರ ಸಮಾಧಿಯೊಂದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕಟ್ಟೆ ಚೌಕಾಕಾರವಾಗಿತ್ತು. ಅದರ ಮೇಲೆ ಮನುಷ್ಯ ಕೂರಬಹುದಿತ್ತು, ಮಲಗುವಂತಿರಲಿಲ್ಲ.

"ನಿಮ್ಮಪ್ಪ ಇಷ್ಟು ಗಿಡ್ಡ ಇದ್ದರೇನು?"

"ಹಂಗಲ್ರಿ," ಕಾಶಿನಾಥ ನಕ್ಕ. "ನಮ್ಮಲ್ಲಿ ಮಲಗಸೂದಿಲ್ಲ, ಕುಂದರಿಸ್ತೀವಿ. ಎಡಗೈಯಾಗ ಇಷ್ಟಲಿಂಗ ಇಡ್ತೀವಿ. ಮ್ಯಾಲಿಂದ ಸಣ್ಣದು ಕಾಣತದ, ಆದರ ಆಳೆತ್ತರ ತೋಡಬೇಕಾಗ್ತದ, ಒಬ್ಬನ ಕೈಲೆ ಆಗೋ..."

ಮಾತು ಅಲ್ಲಿಯೇ ನಿಂತಿತು.

ದೇವಿದಾಸರು ಗದ್ದಿಗೆಯ ಪಕ್ಕದ ಕಲ್ಲಿನ ಮೇಲೆ ಕುಳಿತರು. ಅವರಿಗೆ ತುಂಬ ದಣಿವಾಗಿತ್ತು.

"ಒಬ್ಬನ ಕೈಲೆ ಆಗೋ ಕೆಲಸಲ್ಲ. ಆದರೂ ಒಬ್ಬನೇ ಮಾಡಿದ. ಬೆಳಕ ಹರಿಯೋತನಾ ತೋಡಿದ. ಅರ್ಧ ಹೆಣ ಮುಚ್ಚಾಕ ಅಷ್ಟು ಹೊತ್ತು ಬೇಕಾಗಿರಲಿಲ್ಲ ಕಾಶಿನಾಥ. ಕಲ್ಲು ಹತ್ತಿದ್ದರ ಮೂರಕ್ಕೂ ಹತ್ತಬೇಕಾಗಿತ್ತು, ಮೂರೂ ಒಂದೇ ನೆಲದಾಗ ಅದಾವ. ಆ ಕುಣಿ ಸಣ್ಣದಲ್ಲ, ಆಳದ್ದು. ಜಲಾಲುದ್ದೀನ್ ಕಲ್ಯಾಣದಾಗ ಬೆಳೆದವ. ನಿಮ್ಮವರ ಮಣ್ಣಿಗೆ ಹೋಗಿದ್ದವ. ಬರ್ಮಾದ ಕಾಡಿನಾಗೂ ನಿನ್ನ ತಮ್ಮನ್ನ ನಿಮ್ಮ ಪದ್ಧತಿ ಪ್ರಕಾರ ಕುಂದರಿಸಿದ. ಬಂದು ನಿನಗೇ ಹೇಳಿದ, ಮನಿ ಹಿರಿಯ ಅಂತ. ನೀ ಮನ್ಯಾಗ ಹೇಳಲಿಲ್ಲ."

ಕಾಶಿನಾಥನ ಕಣ್ಣು ದೀಪದ ಗೂಡಿನತ್ತ ಹೋಯಿತು.

"ಹೊರಗಿನವ ನೋಡಿದರ ಅದು ಅರ್ಧ ಹೆಣದ ಕುಣಿ. ನಿಮ್ಮವರು ಯಾರೇ ನೋಡಿದರೂ ತಟ್ಟನೆ ತಿಳೀತಿತ್ತು. ಅದಕ್ಕೇ ಕತ್ತರಿಸಿದಿ. ಚೂರು ಎಲ್ಲದ? ಸುಟ್ಟೇನು?"

"ತಮ್ಮನ ಗದ್ದಿಗಿ ರೀ ಅದು," ಕಾಶಿನಾಥನ ಧ್ವನಿ ಕುಸಿಯಿತು. "ಸುಡ್ಲಿಕ್ಕೆ ಹ್ಯಾಂಗ ಕೈ ಬರ್ತದ?"

ಅವನು ದೀಪದ ಗೂಡಿನೊಳಗೆ ಕೈ ಹಾಕಿ ಬಟ್ಟೆಯಲ್ಲಿ ಸುತ್ತಿದ ಚೂರನ್ನು ತೆಗೆದ. ಅದಕ್ಕೂ ವಿಭೂತಿ ಹಚ್ಚಿದ್ದ.

"ಅವ ಬಂದು ಹೇಳಿದಾಗ ಅವ್ವ ಹಾಸಿಗಿ ಹಿಡದಿದ್ಲು. ನಾಳೆ ಹೇಳಿದರಾತು ಅಂದೆ. ಅವ್ವ ಹೋದ್ಲು. ಮುಂದ ನನ್ನ ಹೇಣ್ತಿ ಹೋದ್ಲು. ನನ್ನ ಮಕ್ಕಳನ್ನ ಗಯಾ ಸಾಕಾಕತ್ತಿದ್ಲು. ತಮ್ಮ ಇಲ್ಲ ಅಂದರ ಅಕಿ ತವರಿನವರು, ನಿರ್ಣಾದವರು, ಉಡಿಕಿ ಅಂತ ಮರುಮದಿವಿ ಮಾಡಿ ಬ್ಯಾರೆ ಮನಿಗೆ ಕೊಡ್ತಿದ್ದರು. ನನ್ನ ಮನಿ ಯಾರು ನಡೆಸಬೇಕ್ರಿ?"

"ಆ ಮುದುಕಿ ನಿನಗೇನು ಮಾಡಿದ್ದಳು?"

"ಆ ಕುಣಿಗೆ ಯಾರದರೆ ಹೆಸರು ಬೇಕಾಗಿತ್ತು. ಅಕಿ ಕೇಳಿದ್ಲು. ಬಾಯಿಗೆ ಬಂದದ್ದು ಅಂದುಬಿಟ್ಟೆ."

ಬೇವಿನ ಮರದ ಆಚೆ ಬಳೆಗಳ ಸದ್ದಾಯಿತು. ಗಯಾಬಾಯಿ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

ದೇವಿದಾಸರಿಗೆ ಎಡ ಅಂಗೈ ನೆನಪಾಯಿತು. "ಕಲ್ಯಾಣಕ್ಕೆ ಬಂದಾಕಿ ನೀನೇ ಅಲ್ಲೇನವ್ವ?"

"ಹೌದ್ರಿ. ಕುಣಿ ಫೋಟೋದ ಸುದ್ದಿ ಕಿವಿಗೆ ಬಿದ್ದಿತ್ತು, ಸಂತಿಗೆ ಅಂತ ಹೇಳಿ ಹೋಗಿದ್ದೆ. ನೋಡಿದ ಕೂಡ್ಲೆ ತಿಳೀತು."

"ಮತ್ತ ಯಾಕ ಸುಮ್ಮನಿದ್ದಿ?"

"ಹೆಂಗಸಿನ ಮಾತು ಹಿರ್ಯಾರ ಮುಂದ ನಡೀತದೇನ್ರಿ? ಅವರನ್ನ ಕರಕೊಂಡು ಹೋಗಿ ತೋರಸಬೇಕು ಅಂತಿದ್ದೆ. ಭಾವಗ ಸುಳಿವು ಹತ್ತಿತು. ನೀವರ ಕೇಳ್ತೀರಿ ಅಂದುಕೊಂಡೆ. ಬಂದ್ರಿ, ನನ್ನ ಕೈಲೆ ನೀರು ಕುಡದ್ರಿ, ಭಾವನ್ನ ಕೇಳಿದ್ರಿ."

ದೇವಿದಾಸರು ತಲೆ ತಗ್ಗಿಸಿದರು. ಜಲಾಲುದ್ದೀನ್ ಮಾಡಿದ ತಪ್ಪನ್ನೇ ತಾವೂ ಮಾಡಿದ್ದರು.

"ಗಯಾ," ಕಾಶಿನಾಥ ಅಂದ, "ಹುಡುಗೂರು..."

"ಸತ್ತಾನ ಅಂತ ಹೇಳಿ, ಇರ್ತೀಯೇನವ್ವ ಅಂತ ಕೇಳಿದ್ದರ," ಅವಳು ಶಾಂತವಾಗಿ ಹೇಳಿದಳು, "ಇಲ್ಲೇ ಇರ್ತಿದ್ದೆನೋ ಏನೋ ಭಾವಾ."

*

ಕಾನೂನಿನ ಲೆಕ್ಕದಲ್ಲಿ ಅದು ಕಾಗದದ ಚೂರೊಂದರ ಕಳವು. ಕಾಶಿನಾಥನನ್ನು ಅಷ್ಟಕ್ಕೇ ಹುಮನಾಬಾದಿನ ಕಚೇರಿಗೆ ಒಪ್ಪಿಸಬೇಕಾಯಿತು. ಗಯಾಬಾಯಿಯ ನಾಲ್ಕು ವರ್ಷಗಳಿಗೆ ಯಾವ ಕಲಮೂ ಇರಲಿಲ್ಲ.

ನಿರ್ಣಾದ ಹಿರಿಯರು ಸರ್ದಾರಬಿಯ ಮನೆಗೆ ಬಂದು ಎರಡೂ ತುಂಡುಗಳನ್ನು ಜೋಡಿಸಿ ನೋಡಿದರು. ಗಿಡ್ಡ ದಿಬ್ಬದ ಮುಂದೆ ರುಮಾಲು ತೆಗೆದು ನಿಂತರು. ಅದೇ ತೀರ್ಪಾಯಿತು.

ಅವರು ಹೋದ ಮೇಲೆ ಸರ್ದಾರಬಿ ಹಿಟ್ಟಿನ ಅಂಟು ಕುದಿಸಿ, ಮುಖಕ್ಕೆ ಸೆರಗೆಳೆದುಕೊಂಡು ಪರದೆಯಿಂದ ಹೊರಗೆ ತಂದಳು. ಗಯಾಬಾಯಿ ತುದಿಯನ್ನು ಹಿಡಿದಳು.

"ಚೂರು ನೀ ಒಯ್ಯವ್ವ. ನಿಮ್ಮವನದು."

"ಬ್ಯಾಡ. ಕುಂದರಿಸಿದವರ ಮನ್ಯಾಗೇ ಇರ್ಲಿ." ಗಯಾಬಾಯಿ ಚಿತ್ರದ ಅಂಚನ್ನು ಬೆರಳಿನಿಂದ ಒತ್ತಿದಳು. "ಕೈಯಾಗ ಲಿಂಗ ಇಟ್ಟಿದ್ದರೇನ್ರಿ ಅಕ್ಕಾ?"

"ಅವ ಯಾರದೂ ಏನೂ ತಂದಿಲ್ಲ," ಸರ್ದಾರಬಿ ಹೇಳಿದಳು. "ಇಟ್ಟೇ ಬಂದಿರ್ತಾನ."

ಮುನ್ನಿ ಬೀ ಗೋಡೆಗೆ ಒರಗಿ ಕುಳಿತಿದ್ದಳು. ಕರೀಂ ಅವಳನ್ನು ಬಸ್ಸಿನಲ್ಲಿ ಕರೆತಂದಿದ್ದ. ದೇವಿದಾಸರು ನಡುವಿನ ನೀಳ ದಿಬ್ಬದ ಮೇಲೆ ಬೆರಳಿಟ್ಟರು.

"ಇದು ಹುಸೇನ. ನಿಮ್ಮ ಮಗ."

"ನಡುವಿಂದು?" ಅವಳು ಬಗ್ಗಿ ನೋಡಿದಳು. "ಇಷ್ಟುದ್ದ?"

"ಇಷ್ಟುದ್ದ."

"ಪೂರಾ ಅದಾನ?"

"ಪೂರಾ ಅದಾನ ಅವ್ವಾ. ಮಲಗ್ಯಾನ."

ಮುದುಕಿ ಅಳಲಿಲ್ಲ. ಚಿತ್ರವನ್ನೇ ನೋಡುತ್ತಿದ್ದಳು. ನೋಡುನೋಡುತ್ತಲೇ ರೆಪ್ಪೆಗಳು ಮುಚ್ಚಿದವು. ತಲೆ ಒಂದು ಕಡೆಗೆ ವಾಲಿತು. ಈ ಸಲ ಅವಳು ಬೆಚ್ಚಲಿಲ್ಲ.

ಹೊರಗೆ ಹುಮನಾಬಾದಿನ ಬಸ್ಸಿನ ಹಾರ್ನ್ ಕೇಳಿಸಿತು. ಕರೀಂ ಅಮೀನರ ಮುಖ ನೋಡಿದ.

"ಹೋಗ್ಲಿ ಬಿಡು," ದೇವಿದಾಸರು ಮೆಲ್ಲಗೆ ಹೇಳಿದರು.

ಆ ಗಂಟಿನ ಬಟ್ಟೆಯಿಂದ ಹೊಲಿದ, ಯಾರೂ ಒಯ್ಯಲು ಬಾರದ ಕೌದಿಯನ್ನು ಸರ್ದಾರಬಿ ಬಿಡಿಸಿ ಮುದುಕಿಗೆ ಹೊಚ್ಚಿದಳು.