ಕಚ್ಚಿಟ್ಟು ಹೋದ ರೊಟ್ಟಿ

ಇನೆಸ್ಸಾ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಹಲ್ಲುಗಳನ್ನು.

"ಬಾಯಿ ತೆಗೀರಿ... ಇನ್ನೂ ಸ್ವಲ್ಪ. ಈಗ ಮೇಣ ಕಚ್ಚಿ."

ಅವನು ಮೇಣದ ಜೊತೆ ಅವಳ ಬೆರಳನ್ನೂ ಕಚ್ಚಿದ!

"ಅಯ್ಯೋ! ಬೆಳಗ್ಗೆ ಏನೂ ತಿಂದಿಲ್ವಾ?"

"ತಿಂದಿದ್ದೆ... ನಿಮ್ಮನ್ನ ನೋಡಿ ಮರೆತುಹೋಯ್ತು."

ತಾಷ್ಕೆಂಟಿನಲ್ಲಿ ಕಟ್ಟುಹಲ್ಲು ಮಾಡುವ ಆ ಸಣ್ಣ ಕೋಣೆಯಲ್ಲಿ ಅವಳು ನಕ್ಕಳು. ಬೆರಳ ಮೇಲಿನ ಗುರುತು ಸಂಜೆಯವರೆಗೂ ಮಾಸಲಿಲ್ಲ. ಅವನ ಎಡಗಡೆಯ ಕೋರೆಹಲ್ಲು ಒಂಚೂರು ಒಳಕ್ಕೆ ತಿರುಗಿತ್ತು. ಸಾವಿರ ಬಾಯಿಗಳ ನಡುವೆಯೂ ಅದನ್ನು ಅವಳು ಗುರುತಿಸಬಲ್ಲಳು.

ಅವನು ಜಾವ್ಲೋನ್. ಕೋಕಂದಿನ ಉಜ್ಬೆಕ್ ಹುಡುಗ. ಮರಳುಗಾಡಿನಲ್ಲಿ ಭೂಗರ್ಭ ಪರೀಕ್ಷೆ ಮಾಡುವವರಿಗೆ ಜೀಪು ಓಡಿಸುತ್ತಿದ್ದ. ಇನೆಸ್ಸಾ ಕೊರಿಯನ್ನರ ಮನೆಯವಳು. ಮದುವೆಯ ಮಾತೆತ್ತಿದರೆ ಎರಡೂ ಮನೆಗಳಲ್ಲಿ ರಂಪವಾಗುವುದು ಖಂಡಿತ. ಅದಕ್ಕೇ ಇಬ್ಬರೂ ಮಾತೆತ್ತಲಿಲ್ಲ. ಗಂಡ ಹೆಂಡತಿ ಎಂದು ಸುಳ್ಳು ಹೇಳಿ ನಾಲ್ಕನೇ ಮಹಡಿಯಲ್ಲಿ ಬಾಡಿಗೆಗೆ ಮನೆ ಹಿಡಿದರು. ಎರಡು ವರ್ಷ ಒಂದೇ ಕೆಟಲಿನ ಚಹಾ ಕುಡಿದರು.

ಏಪ್ರಿಲಿನಲ್ಲಿ ಅವನು ಮೂರು ವಾರಕ್ಕೆಂದು ಕಿಜಿಲ್‌ಕುಮ್ ಮರಳುಗಾಡಿಗೆ ಹೊರಟ. ಬಾಗಿಲಲ್ಲಿ ನಿಂತು, ಆ ನಾಡಿನಲ್ಲಿ ದೂರ ಹೋಗುವವರೆಲ್ಲ ಮಾಡುವಂತೆ, ಹೊಸ ರೊಟ್ಟಿಯನ್ನು ಒಂದು ಸಲ ಕಚ್ಚಿ ಅಡುಗೆಮನೆಯ ಮೊಳೆಗೆ ನೇತುಹಾಕಿದ.

"ಉಳಿದದ್ದನ್ನ ನಾನೇ ಬಂದು ತಿನ್ತೀನಿ. ಬೇರೆ ಯಾರೂ ಮುಟ್ಟಬಾರ್ದು, ಆಯ್ತಾ?"

"ನನಗೇನು ಹಲ್ಲು ಮುರ್ಕೊಳ್ಳೋ ಆಸೇನಾ? ಹೋಗಿ ಬಾ."

ಒಂಬತ್ತನೇ ದಿನ ಅವಳ ಫೋನಿಗೆ ಒಂದು ವಿಡಿಯೊ ಬಂತು. ಅವನ ಸೋದರತ್ತೆಯ ಮಗಳು ಹಾಕಿದ್ದು. ಕೋಕಂದಿನ ಅವರ ಮನೆ, ತುಂಬಿದ ಜನ. ನಡುವೆ ಜಾವ್ಲೋನ್ ಮತ್ತು ಬಿಳಿಗಡ್ಡದ ಒಬ್ಬ ಮುದುಕ... ಇಬ್ಬರೂ ಸೇರಿ ಒಂದು ರೊಟ್ಟಿಯನ್ನು ಮುರಿದರು. ಎಲ್ಲರೂ ಕೈಯೆತ್ತಿ ಹರಸಿದರು.

ರೊಟ್ಟಿ ಮುರಿದರೆ ಸಂಬಂಧ ನಿಶ್ಚಯವಾಯಿತೆಂದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ?

'ಹೊರಡೋ ಮುಂಚೆ ಎರಡು ದಿನ ಊರಿಗೆ ಹೋಗಿದ್ದ. ಮನೇಲಿ ಸ್ವಲ್ಪ ಕೆಲಸ ಅಂದಿದ್ದ. ಈ ಕೆಲಸಾನಾ!'

"ನಮ್ಮಿಬ್ಬರದು ಮುಗೀತು. ಇನ್ನು ಈ ಮನೆಗೆ ಬರಬೇಡ" ಎಂದು ಬರೆದು ಕಳಿಸಿದಳು. ಉತ್ತರಕ್ಕೂ ಕಾಯಲಿಲ್ಲ. ಅವನ ನಂಬರನ್ನು ಬ್ಲಾಕ್ ಮಾಡಿದಳು. ಫೋಟೊಗಳನ್ನು ಅಳಿಸಿದಳು. ಅವನ ಅಂಗಿ, ಚಪ್ಪಲಿ, ಕ್ಷೌರದ ಬ್ರಷ್ಷು ಎಲ್ಲ ಒಂದು ಚೀಲದೊಳಗೆ ಹೋದವು.

ರೊಟ್ಟಿ ಮಾತ್ರ ಮೊಳೆಯಲ್ಲೇ ಉಳಿಯಿತು. ರೊಟ್ಟಿ ಎಸೆಯುವ ಕೈ ಯಾರಿಗಿದೆ?

ಕಚ್ಚಿದ ಕಡೆಯನ್ನು ನೋಡಲಾಗದೆ ಅವಳು ಅದನ್ನು ಗೋಡೆಯತ್ತ ತಿರುಗಿಸಿಟ್ಟಳು.

ಬೆಳಗ್ಗೆ ಎದ್ದು ನೋಡಿದರೆ, ಕಚ್ಚಿದ ಕಡೆ ಬಾಗಿಲತ್ತ ತಿರುಗಿತ್ತು.

'ಗಾಳಿಗಿರಬೇಕು...' ಮತ್ತೆ ತಿರುಗಿಸಿದಳು. ಕಿಟಕಿ ಮುಚ್ಚಿದಳು. ಮರುದಿನವೂ ಅದು ಬಾಗಿಲತ್ತ ನೋಡುತ್ತಿತ್ತು. ಅದರ ಮರುದಿನವೂ.

ಮನೆ ಅಷ್ಟು ನಿಶ್ಶಬ್ದವಾಗಿತ್ತು, ರೊಟ್ಟಿ ಒಣಗುವ ಸದ್ದು ಕೇಳಿಸುವಷ್ಟು.

ಹದಿನಾರನೇ ದಿನ, ಗುರುವಾರ ಬೆಳಗ್ಗೆ, ಕಲ್ಲಿನಂತಾಗಿದ್ದ ಆ ರೊಟ್ಟಿಯಲ್ಲಿ ಎರಡು ಕಚ್ಚುಗಳಿದ್ದವು.

ಹೊಸದರ ಅಂಚು ಇನ್ನೂ ಒದ್ದೆ...

ಮೊದಲ ಭೇಟಿಯಲ್ಲಿ ತೆಗೆದು ಕಪಾಟಿನಲ್ಲಿಟ್ಟುಕೊಂಡಿದ್ದ ಅವನ ಹಲ್ಲಿನ ಪ್ಲಾಸ್ಟರ್ ಅಚ್ಚನ್ನು ಅವಳು ತಂದು, ಗುರುತಿಗೆ ಹಿಡಿದಳು. ಒಳಕ್ಕೆ ತಿರುಗಿದ ಆ ಕೋರೆಹಲ್ಲು ಸರಿಯಾಗಿ ಕೂತಿತು!

ರೊಟ್ಟಿ ಕಿತ್ತುಕೊಂಡು ಅವಳು ಮೆಟ್ಟಿಲಿಗೆ ಓಡಿದಳು. ಕೆಳಗಿನ ಮಹಡಿಯ ಹೋಸಿಯತ್ ಅಜ್ಜಿ ಅಡ್ಡ ಬಂದು ಮಣಿಕಟ್ಟು ಹಿಡಿದಳು.

"ಏನೇ ಇದು? ಪಯಣ ಹೋದವನ ರೊಟ್ಟೀನ ಹೊಸ್ತಿಲು ದಾಟಿಸ್ತಾರಾ? ಬುದ್ಧಿ ಇದ್ಯಾ?"

"ಅವನು ಬರೋದು ಬೇಡ ಅಜ್ಜಿ! ಬೇರೆಯವಳ ಜೊತೆ ರೊಟ್ಟಿ ಮುರಿದಿದಾನೆ. ನಾನೇ ಕಣ್ಣಾರೆ ನೋಡಿದೀನಿ."

"ಎಲ್ಲಿ, ತೋರ್ಸು."

ಅಜ್ಜಿ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

"ಹುಚ್ಚಿ! ಮದುವೆ ಗಂಡು ತನ್ನ ರೊಟ್ಟಿ ತಾನೇ ಮುರೀತಾನೇನೆ? ಅವತ್ತು ಅವನು ಹೆಣ್ಣಿನ ಮನೇಲಿ ಇರೋದೂ ಇಲ್ಲ. ಮುರಿಯೋದು ಮನೆ ಹಿರಿಯರು. ಇವನಿಗೆ ಅಪ್ಪ ಇದಾನಾ?"

"ಇಲ್ಲ... ತೀರಿಹೋಗಿ ಐದು ವರ್ಷ ಆಯ್ತು."

"ತಂಗಿ?"

"ಇದಾಳೆ... ಒಬ್ಬಳು."

"ಅವಳಿಗೇ ಕಣೆ! ಅಪ್ಪನ ಜಾಗದಲ್ಲಿ ನಿಂತಿದಾನೆ, ಪಾಪ."

ಅಲ್ಲೇ ಮೆಟ್ಟಿಲ ಮೇಲೆ ಕೂತು ಅವಳು ಅವನ ನಂಬರಿನ ಬ್ಲಾಕ್ ತೆಗೆದು ಕರೆ ಮಾಡಿದಳು. ಸಿಗುತ್ತಿಲ್ಲ. ಮತ್ತೆ ಮಾಡಿದಳು. ಸಿಗುತ್ತಿಲ್ಲ. ರೊಟ್ಟಿಯನ್ನು ಮೊಳೆಗೆ ವಾಪಸ್ ಹಾಕಿ, ಈ ಸಲ ತಾನೇ ಅದರ ಕಚ್ಚಿದ ಕಡೆಯನ್ನು ಬಾಗಿಲತ್ತ ತಿರುಗಿಸಿದಳು.

'ಬಾ... ಬೈದರೂ ಸರಿ, ಬಂದುಬಿಡು.'

ಅಲ್ಲಿಂದ ನಾಲ್ಕನೇ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಜಾವ್ಲೋನ್! ತುಟಿ ಒಡೆದಿತ್ತು, ಕಣ್ಣು ಒಳಹೋಗಿತ್ತು.

"ನನ್ನ ಸಾಮಾನು ತಗೊಂಡು ಹೋಗ್ತೀನಿ" ಎಂದ. "ಕಾರಣನಾದ್ರೂ ಹೇಳು, ಇನೆಸ್ಸಾ. ಎಷ್ಟು ಸಲ ಫೋನ್ ಮಾಡಿದೆ..."

"ತಂಗಿ ನಿಶ್ಚಯ ಅಂತ ನನಗ್ಯಾಕೆ ಹೇಳ್ಲಿಲ್ಲ?"

ಅವನು ತಲೆ ತಗ್ಗಿಸಿದ. "ಹೇಳಿದ್ರೆ ಕರೀಬೇಕಿತ್ತು. ಕರಿಯೋ ಧೈರ್ಯ ಇರ್ಲಿಲ್ಲ. ಅಮ್ಮನ ಮುಂದೆ ನಿನ್ನ ಏನಂತ ನಿಲ್ಲಿಸ್ಲಿ?"

ಆ ಮಾತು ನೋಯಿಸಿತು. ಆದರೆ ಸುಳ್ಳಾಗಿರಲಿಲ್ಲ.

"ಅದು ನಿನ್ನ ತಪ್ಪು" ಎಂದಳು. "ಕೇಳದೇ ಬಾಗಿಲು ಹಾಕಿದ್ದು ನಂದು... ಈ ಮುಖ ಯಾಕೆ ಹೀಗಾಗಿದೆ?"

"ಮರಳ ಬಿರುಗಾಳೀಲಿ ದಾರಿ ತಪ್ಪಿತು. ಜೀಪು ಹೂತುಹೋಯ್ತು. ಎರಡು ದಿನ ಒಬ್ಬನೇ ನಡೆದೆ. ಗುರುವಾರ ಬೆಳಗ್ಗೆ ಇನ್ನಾಗಲ್ಲ ಅಂತ ಮಲಗಿಬಿಟ್ಟೆ. ಆಗ..." ಅವನು ನಾಚಿದಂತೆ ನಕ್ಕ. "ನಗಬೇಡ. ಬಾಯಲ್ಲಿ ರೊಟ್ಟಿ ರುಚಿ ಬಂತು. ಅಗಿದೆ, ನುಂಗಿದೆ. ಎದ್ದು ನಡೆದೆ. ಅಷ್ಟರಲ್ಲಿ ಹುಡುಕೋರ ಗಾಡಿ ಕಾಣಿಸ್ತು."

ಅವಳು ನಗಲಿಲ್ಲ. ಅವನ ಕೈಹಿಡಿದು ಗೋಡೆಯ ಮುಂದೆ ನಿಲ್ಲಿಸಿದಳು.

ಅವನು ಎರಡು ಕಚ್ಚುಗಳನ್ನೂ ನೋಡಿದ.

"ನಾನು ಇಲ್ಲಿ ಒಂದೇ ಸಲ ಕಚ್ಚಿದ್ದು..." ಅವನು ಎರಡನೆಯ ಗುರುತನ್ನು ಬೆರಳಿನಿಂದ ಮುಟ್ಟಿದ.

"ಗೊತ್ತು."

ಅವಳು ರೊಟ್ಟಿಯನ್ನು ಇಳಿಸಿ ಎದೆಗವಚಿಕೊಂಡು ಬಾಗಿಲು ತೆರೆದಳು. "ಅಜ್ಜೀ! ಒಂಚೂರು ಮೇಲೆ ಬನ್ನಿ. ನಮ್ಮ ರೊಟ್ಟಿ ಮುರಿಯೋಕೆ ಹಿರಿಯರು ಬೇಕು."

ಕೆಳಗಿನಿಂದ ಬೈಗುಳ ಕೇಳಿಸಿತು. "ಎಂಜಲು ರೊಟ್ಟಿ ಮುರಿಯೋದುಂಟೇನೇ? ಗಂಡ ಹೆಂಡತಿ ಅಂತ ಎರಡು ವರ್ಷ ನನಗೆ ಟೋಪಿ ಹಾಕಿದ್ರಾ? ಇರಿ, ಬಂದೆ! ಕಲ್ಲಾಗಿದ್ರೆ ಚಹಾದಲ್ಲಿ ನೆನೆಸಿಡಿ."

ಜಾವ್ಲೋನ್ ಕಣ್ಣೊರೆಸಿಕೊಂಡ. "ನಾಳೇನೇ ಕೋಕಂದಿಗೆ ಹೋಗೋಣ. ಅಮ್ಮನ ಮುಂದೆ ನಿನ್ನ ಪಕ್ಕ ನಿಂತ್ಕೋತೀನಿ... ಮತ್ತೆ ಸಿಟ್ಟು ಬಂದ್ರೆ ಬ್ಲಾಕ್ ಮಾಡ್ತೀಯಾ?"

"ಮಾಡಿ ಏನು ಪ್ರಯೋಜನ?" ಅವಳು ಮೊದಲ ದಿನ ಕಚ್ಚಿಸಿಕೊಂಡ ಬೆರಳನ್ನು ಅವನ ಒಡೆದ ತುಟಿಯ ಮೇಲಿಟ್ಟಳು. "ನೀನು ಬರದಿದ್ರೂ ನಿನ್ನ ಹಲ್ಲು ಬರುತ್ತೆ."