ತೊಳೆದ ಮೇಲೆ ಉಳಿದದ್ದು

ಮೂರು ದಿನದಿಂದ ಲಾರ್ನ್ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. ಸಸ್ಕಟೂನ್ ಊರಿನ ಆ ಲ್ಯಾಬಿನಲ್ಲಿ ಅವನ ಮೇಜಿಗೂ ಡರೀನಾಳ ಮೇಜಿಗೂ ನಾಲ್ಕೇ ಹೆಜ್ಜೆ. ಮೊದಲೆಲ್ಲ ಅಷ್ಟು ದೂರ ಬರಲು ದಿನಕ್ಕೆ ಹತ್ತು ನೆಪ ಹುಡುಕುತ್ತಿದ್ದವನು, ಈಗ ಪೆನ್ನು ಬೇಕಾದರೂ ಪಕ್ಕದ ಕೋಣೆಗೆ ಹೋಗುತ್ತಿದ್ದ.

ವಿಷಯ ಇವನಿಗೆ ಗೊತ್ತಾಗಿಬಿಟ್ಟಿದೆಯೇ? ಡರೀನಾಳಿಗೆ ಊಟ ಸೇರುತ್ತಿರಲಿಲ್ಲ.

ಲಾರ್ನ್ ತನ್ನ ಅಮ್ಮನ ತೋಟದ ಹ್ಯಾಸ್ಕಪ್ ಹಣ್ಣಿನಿಂದ ಕಡುನೇರಳೆ ಸಾರ ತೆಗೆಯುತ್ತಿದ್ದ. ಆಪರೇಷನ್ ಆದವರು ಒಪ್ಪಿ ಕೊಟ್ಟ ಚರ್ಮದ ಚೂರುಗಳಿಗೆ ಅದನ್ನು ಹಚ್ಚಿ, ಬಿಸಿಲಿನಂಥ ದೀಪದ ಕೆಳಗಿಟ್ಟು, ಜೀವಕೋಶಗಳಿಗೆ ಎಷ್ಟು ಪೆಟ್ಟು ಬಿತ್ತೆಂದು ಅಳೆಯುವುದು ಡರೀನಾಳ ಕೆಲಸ. ಎರಡು ವರ್ಷದಿಂದ ಫಲಿತಾಂಶ ಚೆನ್ನಾಗಿಯೇ ಬಂದಿತ್ತು. ಹಣ್ಣಿನ ಆಂಟಿಆಕ್ಸಿಡೆಂಟ್ ಚರ್ಮದೊಳಗೆ ಇಳಿದು ಕಾಯುತ್ತದೆ ಅಂತ ಮುಂದಿನ ವಾರ ವಿನ್ನಿಪೆಗ್‌ನ ಸಮ್ಮೇಳನದಲ್ಲಿ ಅವನು ಹೇಳುವವನಿದ್ದ.

ಸೋಮವಾರ ಒಂದು ಅನುಮಾನಕ್ಕೆ ಅವಳು ದೀಪ ಹಾಕುವ ಮೊದಲು ಚರ್ಮದ ಮೇಲಿನ ಸಾರವನ್ನು ತೊಳೆದು ನೋಡಿದಳು. ಚರ್ಮಕ್ಕೆ ಕಾವಲೇ ಇರಲಿಲ್ಲ. ಮತ್ತೆರಡು ಸಲ ಮಾಡಿದರೂ ಅದೇ. ಸಾರ ಒಳಗೆ ಇಳಿದೇ ಇರಲಿಲ್ಲ. ಮೇಲೆ ಪರದೆಯ ಹಾಗೆ ಕೂತು ಬೆಳಕು ತಡೆದಿತ್ತು, ಅಷ್ಟೆ.

ಗುರುವಾರ ಮಧ್ಯಾಹ್ನ ಅವನು ಮೈಕ್ರೋವೇವ್ ಮುಂದೆ ಪೆರೋಗಿ ಕಡುಬು ಬಿಸಿಯಾಗಲೆಂದು ನಿಂತಿದ್ದಾಗ ಅವಳು ಪಕ್ಕ ಹೋದಳು.

"ಒಂದು ಮಾತಿದೆ. ಕೇಳಿದ್ಮೇಲೆ ನನ್ನ ಮುಖ ನೋಡ್ತೀಯೋ ಇಲ್ವೋ."

"ಈಗ ನೋಡ್ತಿದ್ದೀನಾ?" ಅಂದ ಅವನು, ಗಾಜಿನೊಳಗೆ ತಿರುಗುವ ತಟ್ಟೆಯನ್ನೇ ನೋಡುತ್ತ.

ಅವಳು ಫಲಿತಾಂಶದ ಕಾಗದ ಮುಂದಿಟ್ಟು ಎಲ್ಲ ಹೇಳಿದಳು. ಲಾರ್ನ್ ಅಲ್ಲೇ ಸ್ಟೂಲಿನ ಮೇಲೆ ಕೂತ. ಆಮೇಲೆ, ವಿಚಿತ್ರವೆಂದರೆ, ನಿಟ್ಟುಸಿರು ಬಿಟ್ಟು ನಕ್ಕ. ಸೋಮವಾರವೇ ಅವಳ ಡಬ್ಬಿಗಳ ಮೇಲೆ 'ತೊಳೆದದ್ದು' ಅನ್ನುವ ಚೀಟಿ ನೋಡಿದ್ದನಂತೆ.

"ನೋಡಿದವನು ಕೇಳಬಾರದಿತ್ತಾ?"

"ಹೆದರಿಕೆ ಆಯ್ತು. ನನ್ನ ಮೇಲಿನ ಕರುಣೆಗೆ ನೀನು ಮುಚ್ಚಿಟ್ಟುಬಿಟ್ರೆ ಅಂತ. ನೀನು ಮುಚ್ಚಿಟ್ಟಿದ್ರೆ ನಾನೂ ಸುಮ್ನಿದ್ದುಬಿಡ್ತಿದ್ದೆ, ಡರೀನಾ. ನಿನ್ನ ಅಷ್ಟು ಇಷ್ಟಪಡ್ತೀನಿ. ಅದೇ ನನಗೆ ಭಯ."

ಅವಳ ಕಿವಿ ಕೆಂಪಾಯಿತು. "ಮೊದಲ ಸಲ ತೊಳೆದಾಗಲೇ ನನಗೆ ಖಾತ್ರಿಯಾಗಿತ್ತು," ಅಂದಳು ಮೆಲ್ಲಗೆ. "ಮತ್ತೆರಡು ಸಲ ಮಾಡಿದ್ದು, ನಿನ್ನ ಕಳ್ಕೊಳ್ಳೋದು ಎರಡು ದಿನ ತಡವಾಗ್ಲಿ ಅಂತ."

ಪೆರೋಗಿ ಯಾವಾಗಲೋ ಬಿಸಿಯಾಗಿ ಮತ್ತೆ ಆರಿತ್ತು.

ಸಂಜೆಯೊಳಗೆ ಇಬ್ಬರೂ ಸೇರಿ ಸಮ್ಮೇಳನದವರಿಗೆ ಪತ್ರ ಬರೆದರು: ನಮ್ಮ ಮೊದಲಿನ ಮಾತು ತಪ್ಪು, ಅವಕಾಶ ಕೊಟ್ಟರೆ ಆ ತಪ್ಪನ್ನೇ ಬಂದು ವಿವರಿಸುತ್ತೇವೆ. ಒಪ್ಪುತ್ತಾರೋ ಇಲ್ಲವೋ, ಯಾರಿಗೆ ಗೊತ್ತು. ಕಳಿಸುವ ಗುಂಡಿಯ ಮೇಲೆ ಲಾರ್ನ್‌ನ ಬೆರಳು ನಿಂತೇ ಇತ್ತು. ಡರೀನಾ ತನ್ನ ಕೈಯನ್ನು ಅದರ ಮೇಲಿಟ್ಟು, ಒತ್ತಿದಳು.

ಪತ್ರ ಹೋಯಿತು. ಕೈ ಮಾತ್ರ ಇಬ್ಬರೂ ತೆಗೆಯಲಿಲ್ಲ.