ಕೊನೆಯ ಹದಿನಾರು ಪುಟ

ತನ್ನ ಮೊದಲ ಕಾದಂಬರಿಯನ್ನು ಮಾರಲು ಅವಳು ಕಂಡುಕೊಂಡ ದಾರಿ ವಿಚಿತ್ರವಾಗಿತ್ತು. ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಓದುವ ಕನ್ನಡಕ ಮಾಡಿಸಲು ಬಂದವರಿಗೆ, ಅಕ್ಷರ ಚಿಕ್ಕದಾಗುತ್ತಾ ಹೋಗುವ ಮಾಮೂಲಿ ಕಾರ್ಡಿನ ಬದಲು ತನ್ನ ಕಾದಂಬರಿಯನ್ನೇ ಕೈಗಿಡುತ್ತಿದ್ದಳು. ಹೆಚ್ಚಿನವರು ಎರಡು ಸಾಲು ಓದಿ, ಕಾಣುತ್ತೆ ಎಂದು ಹೇಳಿ ಕೆಳಗಿಡುತ್ತಿದ್ದರು. ಒಬ್ಬರು ಮಾತ್ರ ಬೆಲೆ ಎಷ್ಟೆಂದು ಕೇಳಿದರು. ಅವಳು ಸಹಿ ಮಾಡಲು ಪೆನ್ನಿನ ಮುಚ್ಚಳ ತೆಗೆದ ಮೇಲೆ ಗೊತ್ತಾಯಿತು, ಅವರು ಕೇಳಿದ್ದು ಫ್ರೇಮಿನ ಬೆಲೆ.

ಆದರೂ ಕೆಲವರು ಕೊಂಡಿದ್ದರು. ಅವರಲ್ಲಿ ಒಬ್ಬರು ನಿವೃತ್ತ ಹೆಡ್‌ಮಿಸ್ಟ್ರೆಸ್. ಕನ್ನಡಕ ಒಯ್ಯಲು ಬಂದವರು ಕೌಂಟರಿಗೆ ಮೊಣಕೈ ಊರಿ ನಿಂತರು.

"ಚೆನ್ನಾಗಿ ಬರೆದಿದ್ದೀಯಮ್ಮ. ಅದರಲ್ಲೂ ಆ ಕೊನೆ. 'ಅವಳು ಬಾಗಿಲ ಹತ್ತಿರ ಬಂದು ನಿಂತಳು' ಅಂತ ಅಲ್ಲಿಗೇ ಬಿಟ್ಟುಬಿಟ್ಟೆಯಲ್ಲ. ಅದಕ್ಕೆ ಧೈರ್ಯ ಬೇಕು."

ಅವಳು ಅಲ್ಲಿಗೆ ಬಿಟ್ಟಿರಲಿಲ್ಲ. ಬಾಗಿಲ ಹತ್ತಿರ ನಿಂತವಳು ಆಮೇಲೆ ಮೆಟ್ಟಿಲಿಳಿದು ಹೋಗಿ, ಬಸ್ಸು ಹತ್ತಲಿದ್ದವನನ್ನು ತಡೆದು, ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳುವ ಇಡೀ ಒಂದು ಅಧ್ಯಾಯವಿತ್ತು. ಅದರ ಹಿಂದೆ ಕೃತಜ್ಞತೆಯ ಪುಟವಿತ್ತು. ಅವಳು ಕೌಂಟರಿನ ಮೇಲಿದ್ದ ಪ್ರತಿ ತೆಗೆದು ಹಿಂದಿನಿಂದ ಬಿಡಿಸಿದಳು. ಎರಡೂ ಇರಲಿಲ್ಲ. ಪುಣ್ಯಕ್ಕೋ ಪಾಪಕ್ಕೋ, ಕೊನೆಗೆ ಉಳಿದ ಪುಟ ಪೂರ್ಣವಿರಾಮದಲ್ಲೇ ಮುಗಿದಿತ್ತು. ಯಾರಿಗೂ ಅನುಮಾನ ಬಂದಿರಲಿಲ್ಲ.

ಇಷ್ಟು ದಿನ ಅವಳಿಗಾದರೂ ಏಕೆ ಕಾಣಲಿಲ್ಲ? ಪುಸ್ತಕ ಕೈಗೆ ಬಂದ ದಿನ ಮುಖಪುಟ ಸವರಿದ್ದಳು, ಪುಟ ಮೂಸಿದ್ದಳು, ಮೊದಲ ಸಾಲನ್ನು ಅತ್ತಿಗೆಗೆ ಓದಿ ಹೇಳಿದ್ದಳು. ಕೊನೆಯನ್ನು ನೋಡಿರಲಿಲ್ಲ. ಬಾಯಿಪಾಠ ಇರುವುದನ್ನು ಯಾರು ತೆಗೆದು ನೋಡುತ್ತಾರೆ?

ಇದು ಮಾರ್ಜಿನ್‌ನದೇ ಕೆಲಸ ಎಂದು ಅವಳು ಅಲ್ಲೇ ತೀರ್ಮಾನ ಮಾಡಿದಳು.

ಮಾರ್ಜಿನ್ ಅಂದರೆ ಪ್ರಕಾಶಕಿಯ ಬಳಿ ಪುಟವಿನ್ಯಾಸ ಮಾಡುವವನು. ಪುಟದ ಅಂಚಿನಲ್ಲಿ ಜಾಗ ಬಿಡಬೇಕೆಂದು ಪ್ರತಿ ಪುಸ್ತಕಕ್ಕೂ ಜಗಳ ಮಾಡುತ್ತಾನೆಂದು ಪ್ರಕಾಶಕಿಯೇ ಇಟ್ಟ ಹೆಸರು. ಕಾಗದ ದಂಡವಾಗುತ್ತದೆಂದು ಅವರು ಗದರಿದರೆ, "ಓದೋರಿಗೆ ಹೆಬ್ಬೆರಳು ಇರತ್ತಲ್ಲ ಮೇಡಂ, ಅದನ್ನೆಲ್ಲಿ ಇಡ್ತಾರೆ?" ಎನ್ನುತ್ತಿದ್ದ. ಅಕ್ಷರದ ಮೇಲೆ ಬೆರಳು ಬೀಳದ ಹಾಗೆ ಯೋಚಿಸುವ ಮನುಷ್ಯನನ್ನು ಅವಳು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅಲ್ಲಿಗೆ ಬರುವ ಹೊತ್ತಿಗೆ ಅವಳ ಹಸ್ತಪ್ರತಿ ಬೇರೆ ಇಬ್ಬರು ಪ್ರಕಾಶಕರ ಬಳಿ ಅಲೆದಿತ್ತು. ಒಬ್ಬರು ಇನ್ನಷ್ಟು ದಪ್ಪ ಮಾಡಿ ಅಂದರು. ಇನ್ನೊಬ್ಬರು ಓದದೆ ವಾಪಸ್ ಕಳಿಸಿದರು. ಅವಳು ಗುರುತಿಗೆಂದು ಪುಟಗಳ ನಡುವೆ ಸಿಕ್ಕಿಸಿದ್ದ ತಲೆಗೂದಲು ಹಾಗೇ ಇತ್ತು. ಈ ಪ್ರಕಾಶಕಿ, ಟೈಲರ್ ಅಂಗಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ಕೂತು, "ಮಾಡೋಣ, ಆದ್ರೆ ಮಾರೋದು ಇಬ್ಬರ ಹಣೆಬರಹ" ಅಂದಿದ್ದರು.

ಪುಟ ಕಟ್ಟುವ ದಿನಗಳಲ್ಲಿ ಅವಳು ಸಂಜೆ ಅಂಗಡಿ ಮುಗಿಸಿ ಬಂದು ಅವನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದಳು. ಅವನು ತಪ್ಪು ತೋರಿಸುವಾಗ ಪರದೆ ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದ. ಒಪ್ಪಿದಳೋ ಇಲ್ಲವೋ ಎಂದು ಹುಬ್ಬಿನಲ್ಲೇ ಗೊತ್ತಾಗುತ್ತೆ ಅನ್ನುತ್ತಿದ್ದ. ಅವಳಿಗೆ ಕಾಣುತ್ತಿದ್ದದ್ದು ಬೇರೆ: ಅವನ ಕನ್ನಡಕ ಸೊಟ್ಟ, ಗಾಜಿನ ತುಂಬಾ ಗೀರು. ಅಂಗಿಯ ತುದಿಯಿಂದ ಒರೆಸಬೇಡಿ ಎಂದು ಹೇಳಿ ಸಾಕಾಗಿ, ಒಂದು ದಿನ ಅವನನ್ನು ಅಂಗಡಿಗೇ ಕರೆಸಿದಳು. ಎರಡು ಕಣ್ಣಿನ ನಡುವಿನ ದೂರ ಅಳೆಯಲು ಮೂಗಿನ ಮೇಲೆ ಸಣ್ಣ ಸ್ಕೇಲು ಇಟ್ಟು, "ನನ್ನ ಕಣ್ಣನ್ನೇ ನೋಡಿ, ಅಲ್ಲಾಡಬೇಡಿ" ಅಂದಳು. ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು. ಅವನು ನೋಡಿದ. ಅವಳು ಅಳತೆ ಮರೆತು ಮತ್ತೆ ಸ್ಕೇಲು ಇಟ್ಟಳು.

"ಮೊದಲ ಸಲ ಸರಿ ಬರಲಿಲ್ವಾ?" ಎಂದ, ಅಲ್ಲಾಡದೆ.

"ನೀವು ಉಸಿರಾಡಿದ್ರಿ."

"ಅದನ್ನೂ ಬಿಡಬೇಕಾ?"

ಜಗಳವಾದದ್ದು ಕೊನೆಯ ಅಧ್ಯಾಯಕ್ಕೆ. ಅದು ಬೇಡ ಎಂದು ಅವನು ಹೇಳಿದ. ನಾಯಕಿ ಬಾಗಿಲ ಹತ್ತಿರ ಬಂದು ನಿಂತಾಗಲೇ ಎಲ್ಲ ತಿಳಿದುಹೋಯಿತು, ಹೇಳದೇನೇ ಗೊತ್ತಾಗುವುದನ್ನು ಹೇಳಿಸುವುದೇಕೆ ಎಂಬುದು ಅವನ ವಾದ. ಗೊತ್ತಾಗುತ್ತೆ ಅಂದುಕೊಂಡೇ ಜನ ಹಾಳಾಗುವುದು, ಹೇಳಲೇಬೇಕು ಎಂಬುದು ಅವಳದು. ಅಧ್ಯಾಯ ಉಳಿದಿತ್ತು. ಈಗ ಪುಸ್ತಕದಲ್ಲಿ ಇಲ್ಲ.

ಅವಳು ಅರ್ಧ ದಿನ ರಜೆ ಹಾಕಿ ಮೆಟ್ಟಿಲು ಹತ್ತಿದಳು. ಪ್ರಕಾಶಕಿಯ ಎದುರಿಗೇ ಪುಸ್ತಕವನ್ನು ಅವನ ಕೀಬೋರ್ಡಿನ ಮೇಲೆ ಹಾಕಿ, ಸ್ವಂತಕ್ಕೆ ಒಂದು ಸಾಲು ಬರೆಯಲಾಗದವರಿಗೆ ಬೇರೆಯವರದ್ದನ್ನು ಕತ್ತರಿಸುವುದು ಸುಲಭ ಎಂದಳು. ಅವನು ಪುಸ್ತಕವನ್ನು ತಿರುಗಿಸಿ ನೋಡಿದ, ಬೆನ್ನಿನ ಕಡೆ ಬೆರಳಿಟ್ಟು ಎಣಿಸಿದ, ಪ್ರಕಾಶಕಿಯ ಕಡೆ ಚಾಚಿದ. "ಕೊನೆಯ ಫಾರಂ ಸೇರಿಲ್ಲ ಮೇಡಂ."

ಫಾರಂ ಅಂದರೆ ಒಂದು ದೊಡ್ಡ ಹಾಳೆ. ಮಡಿಸಿದರೆ ಹದಿನಾರು ಪುಟ. ಪ್ರಕಾಶಕಿ ಬೈಂಡರ್‌ಗೆ ಫೋನು ಮಾಡಿ, ನಡುವೆ ಉಸಿರು ತೆಗೆದುಕೊಳ್ಳದೆ ಬೈದರು. ಒಂದು ಗಂಟೆಯ ನಂತರ ಅತ್ತಲಿಂದ ಉತ್ತರ ಬಂತು. ಹಾಳೆಗಳು ಯಾವುದೋ ಔಷಧಿ ಕಂಪನಿಯ ಕ್ಯಾಲೆಂಡರ್ ಕಟ್ಟುಗಳ ಕೆಳಗೆ ಸಿಕ್ಕಿದ್ದವು, ನೀರು ಕುಡಿದು ರಟ್ಟಿನ ಹಾಗೆ ಸೆಟೆದು.

ಅವಳು ಮಾರ್ಜಿನ್ ಕಡೆ ತಿರುಗಿ ತಪ್ಪಾಯಿತು ಅಂದಳು.

"ಬೈದದ್ದು ಚೆನ್ನಾಗಿತ್ತು," ಎಂದ ಅವನು. "ಕಾದಂಬರಿಯಲ್ಲಿ ಅಷ್ಟು ಚುರುಕಾಗಿ ಯಾರೂ ಬೈಯಲ್ಲ."

ಆ ಹದಿನಾರು ಪುಟ ಮಾತ್ರ ಮತ್ತೆ ಅಚ್ಚು ಮಾಡಿಸಿ, ಸಣ್ಣ ಪುಸ್ತಿಕೆಯಾಗಿ ಪ್ರತಿಯೊಳಗೆ ಇಟ್ಟುಬಿಡುವುದೆಂದು ಪ್ರಕಾಶಕಿ ನಿರ್ಧರಿಸಿದರು. ಫೈಲು ಕಳಿಸುವ ಮುಂಚೆ ಕೇಳಿದರು: "ಕೃತಜ್ಞತೆಯಲ್ಲಿ ಯಾರನ್ನಾದ್ರೂ ಬಿಟ್ಟಿದ್ರೆ ಈಗಲೇ ಹೇಳು. ಇಂಥ ಅವಕಾಶ ಯಾರಿಗೂ ಸಿಗಲ್ಲ."

ಆ ಪುಟವನ್ನು ಅವಳು ಮನಸ್ಸು ತುಂಬಿ ಬರೆದಿದ್ದಳು. ಗಿರಾಕಿಯಿಲ್ಲದ ಹೊತ್ತಿನಲ್ಲಿ ಬರೆಯುವುದನ್ನು ಕಂಡೂ ಕಾಣದಂತೆ ಇದ್ದ ಅಂಗಡಿ ಮಾಲೀಕರು, ಸೋತ ಹಾಗಿದ್ದಾಗ ಪುಸ್ತಕ ಒಪ್ಪಿಕೊಂಡ ಪ್ರಕಾಶಕಿ, ಬೇಗ ವಾಪಸ್ ಕಳಿಸಿ ಉಪಕಾರ ಮಾಡಿದ ಇನ್ನಿಬ್ಬರು, ಎಲ್ಲರೂ ಇದ್ದರು. ಅತ್ತಿಗೆ ಇರಲಿಲ್ಲ. ಪ್ರತಿ ಅಧ್ಯಾಯವನ್ನೂ ಬಟ್ಟೆ ಮಡಿಸುತ್ತಾ ಕೇಳಿ "ಆಮೇಲೆ?" ಎಂದವರೇ ಅತ್ತಿಗೆ. ನನ್ನ ಹೆಸರೆಲ್ಲಿ ಎಂದು ಅವರು ಮೂತಿ ಉಬ್ಬಿಸಿದಾಗ, "ಮನೆಯವರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ ಅತ್ತಿಗೆ? ಆಮೇಲೆ ನೀವು ಹೊರಗಿನವರಾಗ್ತೀರಿ" ಅಂದಿದ್ದಳು. ಹೊರಗಿನವಳಾದ್ರೂ ಸರಿ, ಅಚ್ಚಿನಲ್ಲಿ ಹೆಸರು ನೋಡೋಕೆ ಚೆನ್ನಾಗಿರತ್ತೆ ಎಂದು ಅತ್ತಿಗೆ ಇವತ್ತಿಗೂ ಗೊಣಗುತ್ತಾರೆ.

ಇನ್ನೊಬ್ಬನ ಹೆಸರೂ ಇರಲಿಲ್ಲ. ಆ ಪುಟವನ್ನು ತಾನೇ ಕೂತು ಜೋಡಿಸಿದವನ ಹೆಸರು. ಅವನು ಕಂಪ್ಯೂಟರಿನ ಕಡೆ ಮುಖ ಮಾಡಿ ಕೂತಿದ್ದ. ಅವಳು ಅವನ ಬೆನ್ನು ನೋಡಿದಳು, ಹೊಸ ಕನ್ನಡಕದ ಕಡ್ಡಿ ಕಿವಿಯ ಹಿಂದೆ ಸರಿಯಾಗಿ ಕೂತಿರುವುದನ್ನು ನೋಡಿದಳು.

"ಇಲ್ಲ. ಹಾಗೇ ಇರಲಿ," ಅಂದಳು.

ಮೌಸಿನ ಮೇಲಿದ್ದ ಅವನ ಕೈ ಒಂದು ಕ್ಷಣ ನಿಂತು, ಮತ್ತೆ ಚಲಿಸಿತು.

ಭಾನುವಾರ ಮೂವರೂ ಮಡಿಸಲು ಕೂತರು. ಮೂರು ಮಡಿಕೆ, ಅಂಚನ್ನು ಬ್ಲೇಡಿನಿಂದ ಸೀಳಿ, ನಡುವೆ ಪಿನ್ನು. ಕಿಟಕಿಯ ಬಿಸಿಲು ಕಾಗದದ ಮೇಲೆ ಬಿದ್ದಿತ್ತು, ಕೆಳಗೆ ಹೊಲಿಗೆ ಯಂತ್ರ ಸದ್ದು ಮಾಡುತ್ತಿತ್ತು. ತಾನು ಒಬ್ಬಳೇ ಬರೆದೆ ಅಂದುಕೊಂಡಿದ್ದ ಪುಸ್ತಕಕ್ಕೆ ಇಷ್ಟು ಕೈ ತಾಗುತ್ತಿರುವುದು ಕಂಡು ಅವಳ ಎದೆ ತುಂಬಿ ಬಂತು. ಅದನ್ನು ಹೇಳಲು ಹೋದರೆ ಪ್ರಕಾಶಕಿ, "ಬಾಯಿ ಆಮೇಲೆ, ಕೈ ಮೊದಲು" ಅಂದರು.

ಬೆಳಿಗ್ಗೆಯಿಂದ ಮಾರ್ಜಿನ್ ಅವಳ ಹುಬ್ಬಿನ ಕಡೆ ನೋಡಿರಲಿಲ್ಲ. ಮಡಿಸಿದ ಪ್ರತಿ ಪುಸ್ತಿಕೆಯಲ್ಲೂ ಕೃತಜ್ಞತೆಯ ಪುಟವೇ ಮೇಲೆ ಬರುತ್ತಿತ್ತು, ಪ್ರತಿ ಸಲವೂ ಅವನು ಅದನ್ನು ಅಂಗೈಯಿಂದ ಸವರಿ ನೀಟಾಗಿ ಇಡುತ್ತಿದ್ದ. ಒಂದು ಕಟ್ಟು ಮುಗಿಸಿ ಎದ್ದ. ಸ್ವಲ್ಪ ಕೆಲಸ ಇದೆ ಎಂದ. ಮುಂದಿನ ಪುಸ್ತಕದ ಹೊತ್ತಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಮೇಡಂ ಎಂದೂ ಸೇರಿಸಿ ಮೆಟ್ಟಿಲಿಳಿದ.

ಅವಳು ಬಾಗಿಲ ಹತ್ತಿರ ಬಂದು ನಿಂತಳು.

ಹೆಡ್‌ಮಿಸ್ಟ್ರೆಸ್‌ಗೆ ಇಷ್ಟವಾದ ಕೊನೆ ಇದೇ. ಅವಳಿಗೆ ಆಗಲೂ ಇಷ್ಟವಾಗಿರಲಿಲ್ಲ, ಈಗಲೂ ಆಗಲಿಲ್ಲ. ಕೈಯಲ್ಲಿದ್ದ ಹಾಳೆಯ ಸಮೇತ ಕೆಳಗಿಳಿದಳು.

"ನಿಂತ್ಕೊಳ್ಳಿ."

ಅವನು ಟೈಲರ್ ಅಂಗಡಿಯ ಮುಂದೆ ನಿಂತ.

"ಮೊದಲ ಸಲ ನಿಮ್ಮ ಹೆಸರು ನಿಜವಾಗ್ಲೂ ಮರೆತೆ. ಸುಳ್ಳು ಹೇಳಲ್ಲ. ಈ ಸಲ ಬೇಕಂತಲೇ ಬಿಟ್ಟೆ."

"ಪರವಾಗಿಲ್ಲ. ನನ್ನದು ಸಂಬಳದ ಕೆಲಸ."

"ನಮ್ಮ ಅತ್ತಿಗೆ ಹೆಸರೂ ಇಲ್ಲ, ನೋಡಿದ್ರಾ?"

"ನೋಡಿದೆ. ಅದು ಅನ್ಯಾಯ ಅನ್ನಿಸ್ತು."

"ಮನೆಯವರಿಗೆ ನಾನು ಥ್ಯಾಂಕ್ಸ್ ಹೇಳಲ್ಲ. ಹೇಳಿದ್ರೆ ಹೊರಗಿನವರಾಗ್ತಾರೆ."

ಅವನು ಕನ್ನಡಕ ತೆಗೆದು ಅಂಗಿಯ ತುದಿಗೆ ಒಯ್ದ. ನೆನಪಾಗಿ ಅರ್ಧಕ್ಕೇ ನಿಲ್ಲಿಸಿದ. ಕನ್ನಡಕವಿಲ್ಲದ ಕಣ್ಣು ಚಿಕ್ಕದಾಗಿ, ತೀರಾ ಹತ್ತಿರದವರ ಕಣ್ಣಿನ ಹಾಗೆ ಕಂಡಿತು.

"ನಾನಿದನ್ನ ಹೇಗೆ ತಿಳ್ಕೊಳ್ಳಲಿ?"

"ಹೇಳದೇನೇ ಗೊತ್ತಾಗತ್ತೆ ಅಂತಿದ್ರಿ?"

"ಪುಸ್ತಕದಲ್ಲಿ ಗೊತ್ತಾಗತ್ತೆ. ಮೆಟ್ಟಿಲ ಕೆಳಗೆ ನಿಂತ್ಕೊಂಡಾಗ ಏನೂ ಗೊತ್ತಾಗಲ್ಲ."

ಹೊಲಿಗೆ ಯಂತ್ರದ ಸದ್ದು ನಿಂತಿತು. ಟೈಲರ್ ಬಟ್ಟೆ ನೋಡುವವನಂತೆ ತಲೆ ತಗ್ಗಿಸಿ ಕಿವಿ ಇತ್ತ ಕೊಟ್ಟಿದ್ದ. ಎಷ್ಟೋ ಸಲ ತಿದ್ದಿ ಬರೆದ ಅಧ್ಯಾಯದ ಒಂದು ಚಂದದ ಸಾಲೂ ಅವಳ ನೆರವಿಗೆ ಬರಲಿಲ್ಲ.

"ನೀವಂದ್ರೆ ನನಗಿಷ್ಟ," ಅಂದಳು. "ಆವತ್ತು ಸ್ಕೇಲು ಎರಡನೇ ಸಲ ಇಟ್ಟಿದ್ದು ನೀವು ಉಸಿರಾಡಿದ್ದಕ್ಕಲ್ಲ. ನಾನು ಉಸಿರಾಡೋದು ಮರೆತಿದ್ದೆ. ನೀವು ನಮ್ಮ ಮನೆಯವರಾಗಬೇಕು. ಸಾಕಾ?"

ಅವನು ಕನ್ನಡಕ ಹಾಕಿಕೊಂಡು ಅವಳ ಹುಬ್ಬು ನೋಡಿದ. ಆಮೇಲೆ ಅವಳ ಕೈಯಲ್ಲಿ ಮುದುಡಿದ್ದ ಹಾಳೆಯನ್ನು ತೆಗೆದುಕೊಂಡು, ಗೋಡೆಗೆ ಒತ್ತಿ, ಸುಕ್ಕು ಬಿಡಿಸಿದ. ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಿಡಿಸಿದ.

"ಕೊನೆಯ ಅಧ್ಯಾಯ ಇರಲಿ," ಎಂದ. "ನಾನು ಹೇಳಿದ್ದು ತಪ್ಪು."

ಮೇಲಿನ ಕಿಟಕಿಯಿಂದ ಪ್ರಕಾಶಕಿಯ ತಲೆ ಹೊರಬಂತು. ಇನ್ನೂ ಎರಡು ಕಟ್ಟು ಬಾಕಿ ಇದೆ, ಮಾತಾಡೋದಿದ್ರೆ ಮಡಿಸ್ತಾ ಮಾತಾಡಿ ಎಂದರು. ಇಬ್ಬರೂ ಮೆಟ್ಟಿಲು ಹತ್ತಿದರು. ಈ ಸಲ ಅವನು ಎದುರಿನ ಕುರ್ಚಿ ಬಿಟ್ಟು, ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ. ಅವಳು ಮಡಿಸಿದಳು, ಅವನು ಪಿನ್ನು ಹೊಡೆದ. ಅವಳು ಬ್ಲೇಡು ದಾಟಿಸಿದಾಗ ಅವನು ಅಭ್ಯಾಸಬಲದಿಂದ ಥ್ಯಾಂಕ್ಸ್ ಎನ್ನಲು ಬಾಯಿ ತೆರೆದು, ಅವಳ ಮುಖ ನೋಡಿ, ಮುಚ್ಚಿಕೊಂಡ.